ನೆಲ ಮುಟ್ಟದ ಮರ

ಶಾಲೆಯ ಹೊಸ ಮೇಷ್ಟ್ರು ದೇಶದ ಚರಿತ್ರೆ ಬರೆಯುತ್ತಾನಂತೆ. ನಿನ್ನೆ ಬಂದು, "ಅಜ್ಜಿ, ನಮ್ಮ ಆರಾ ಊರಲ್ಲಿ ಡಚ್ಚರ ಮೇಲೆ ಮೊದಲ ಗುಂಡು ಹಾರಿಸಿದ್ದು ಯಾರು?" ಅಂದ. ನನಗೆ ರೇಗಿಹೋಯಿತು. "ಗುಂಡೂ ಇಲ್ಲ, ಗಿಂಡೂ ಇಲ್ಲ. ಅಲ್ಲಿ ನೋಡು" ಎಂದು ತೊಲೆಗೆ ಕಟ್ಟಿದ ಮರದ ತುಂಡು ತೋರಿಸಿದೆ. ಕಣ್ಣುಕಣ್ಣು ಬಿಟ್ಟ. ಕೂರಿಸಿಕೊಂಡು ಹೇಳಿದೆ.

ಆಗ ನನಗೆ ಇಪ್ಪತ್ತೆರಡು. ಜಪಾನಿನವರು ಸೋತು ಹೋದರು, ಡಚ್ಚರು ನಾಚಿಕೆಯಿಲ್ಲದೆ ಮತ್ತೆ ಬಂದು ಕೂತರು. ಅತ್ತ ಕಡಲಾಚೆಯ ಜಾವಾ ದ್ವೀಪದಲ್ಲಿ ನಮ್ಮವರು ಕಟ್ಟಿಕೊಂಡ ಸ್ವಂತ ಸರ್ಕಾರ ಬಟ್ಟೆಗೂ ಔಷಧಿಗೂ ಪರದಾಡುತ್ತಿತ್ತು. ಅಲ್ಲಿಗೆ ಸರಕು ಸಾಗಿಸಲೆಂದೇ ನನ್ನ ಗಂಡ ಪಬೆತ ಒಂದು ದೊಡ್ಡ ದೋಣಿಗೆ ಕೈಹಾಕಿದ. ಕಟ್ಟುವವರು ಪುವಾಂಗ್ ಸಲಾಸ, ಎಪ್ಪತ್ತು ದಾಟಿದ ಮುದುಕ. ಹಿರಿಯರನ್ನು ನಾವು ಪುವಾಂಗ್ ಅನ್ನುತ್ತೇವೆ.

ದೋಣಿಗೆ ಬೆನ್ನೆಲುಬಾಗುವ ಅಡಿಮರದ ಎರಡು ತುದಿ ಕತ್ತರಿಸುವ ದಿನ ನಮ್ಮಲ್ಲಿ ಮದುವೆಗಿಂತ ಹೆಚ್ಚು. ಗರಗಸ ಒಮ್ಮೆ ಇಟ್ಟರೆ ತುಂಡಾಗುವವರೆಗೆ ನಿಲ್ಲಬಾರದು. ಮುಂದಲೆಯ, ಅಂದರೆ ಮುಂದಿನ ತುದಿಯ ತುಂಡು ನೆಲ ಮುಟ್ಟಬಾರದು. ಹಿಡಿದವನು ಹಾಗೇ ಓಡಿ ಸಮುದ್ರಕ್ಕೆ ಎಸೆಯಬೇಕು, ಅದು ಹೊರಟ ಗಂಡಸು. ಹಿಂದಿನ ತುದಿಯ, ಹಿಂದಲೆಯ ತುಂಡನ್ನು ದೋಣಿಯ ಯಜಮಾನ ತಂದು ಹೆಂಡತಿಯ ಕೈಗಿಡಬೇಕು, ಅದು ಮರಳಿದ ಗಂಡಸು. ಅಲ್ಲಿಯವರೆಗೆ ಅವಳು ಮನೆಯ ಮೆಟ್ಟಿಲಿಳಿಯುವ ಹಾಗಿಲ್ಲ. ಒಂದು ತಪ್ಪಿದರೂ ಆ ದೋಣಿಯನ್ನು ನಮ್ಮವರು ಯಾರೂ ಹತ್ತುವುದಿಲ್ಲ.

ಮುಂದಲೆ ಅರ್ಧ ಕತ್ತರಿಸಿಯಾಗಿತ್ತು. ಡಚ್ ಸಾಹೇಬ ಮೂವರು ಸಿಪಾಯಿಗಳ ಜೊತೆ ಬಂದೇಬಿಟ್ಟ. ಮೂವರೂ ನಮ್ಮ ಕಡೆಯವರೇ, ಒಬ್ಬನಂತೂ ನಮ್ಮೂರ ಮಪ್ಪ. ತುಂಡು ಹಿಡಿಯಲು ಕೈಚಾಚಿ ನಿಂತಿದ್ದ ನನ್ನ ಗಂಡನನ್ನು ಸಾಹೇಬ ಎಳೆಸಿ ಕೈ ಕಟ್ಟಿಸಿದ.

"ಪರವಾನಗಿ ಇಲ್ಲ. ನಿಲ್ಸು!" ಎಂದು ಸಾಹೇಬ ಪಿಸ್ತೂಲು ತೆಗೆದ.

ಪುವಾಂಗ್ ಸಲಾಸ ತಲೆಯೆತ್ತಲಿಲ್ಲ. "ಗುಂಡು ಹೊಡೆಯೋದಾದ್ರೆ ಮರ ತುಂಡಾದ ಮೇಲೆ ಹೊಡೀರಿ ಸಾಹೇಬ್ರೆ. ಎಲ್ಲೂ ಓಡಿಹೋಗಲ್ಲ, ಮಂಡಿನೋವು."

ಗರಗಸ ಕರ್ರ್ ಕರ್ರ್ ಎನ್ನುತ್ತಲೇ ಇತ್ತು. ಹಿಡಿಯುವವರೇ ಇಲ್ಲ! ಉಳಿದ ಗಂಡಸರ ಎದೆಗೆ ಬಂದೂಕು. ಕಡಲದಂಡೆಗೇ ಇದ್ದ ನಮ್ಮ ಮನೆಯ ಮೆಟ್ಟಿಲ ಮೇಲೆ ನಾನು ಚಡಪಡಿಸಿದೆ, ಇಳಿದರೂ ಕೆಟ್ಟೆ, ಇಳಿಯದಿದ್ದರೂ ಕೆಟ್ಟೆ. ಅಲ್ಲಿಂದಲೇ ಕೂಗಿದೆ: "ಏ ಮಪ್ಪ! ನಿಮ್ಮಪ್ಪ ಇದೇ ಗರಗಸ ಹಿಡಿದು ನಿನ್ನ ಸಾಕಿದ್ನಲ್ಲೋ! ಥೂ ನಿನ್ನ!"

ಅವನು ನನ್ನತ್ತ ನೋಡಲಿಲ್ಲ, ಮರವನ್ನೇ ನೋಡುತ್ತಿದ್ದ. ಚಟ್ ಎಂದಿತು. ಅವನು ಯೋಚಿಸಿದ್ದನೋ ಇಲ್ಲವೋ, ದೇವರಾಣೆಗೂ ತಿಳಿಯದು. ಬಂದೂಕು ಬಿಸಾಕಿ ಮುನ್ನುಗ್ಗಿ ಎರಡೂ ಕೈಯಲ್ಲಿ ಆ ತುಂಡನ್ನು ಹಿಡಿದ. ಹಿಡಿದವನು ಬೂಟುಗಾಲಲ್ಲೇ ಸಮುದ್ರಕ್ಕೆ ಓಡಿದ. ಸಾಹೇಬ ಬೈಯುತ್ತ ಅವನ ಹಿಂದೆ ಓಡಿದ, ತಲುಪುವ ಮೊದಲೇ ತುಂಡು ನೀರಿಗೆ ಬಿತ್ತು. ಅಷ್ಟರಲ್ಲಿ ಮುದುಕ ಹಿಂದಲೆಗೆ ಗರಗಸ ಇಟ್ಟಾಗಿತ್ತು. ಉಳಿದಿಬ್ಬರು ಸಿಪಾಯಿಗಳು ಬಂದೂಕು ಇಳಿಸಿ ತೆಂಗಿನಮರ ನೋಡುತ್ತ ನಿಂತರು.

ಮಪ್ಪನನ್ನೂ ನನ್ನ ಗಂಡನನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ನಮ್ಮ ಮನೆಯ ಮುಂದೆಯೇ ನಡೆಸಿದರು. ಮುದುಕ ಕೊಟ್ಟ ಹಿಂದಲೆಯ ತುಂಡನ್ನು ಗಂಡ ಕಟ್ಟಿದ ಕೈಗಳ ನಡುವೆ ಹಿಡಿದಿದ್ದ.

"ತಗೊ," ಅಂದ. "ಬರ್ತೀನಿ."

"ಬರದೆ ಎಲ್ಲಿಗೆ ಹೋಗ್ತೀರಾ," ಅಂದೆ. ಅಳಲಿಲ್ಲ. ಇವತ್ತಿಗೂ ನನಗೆ ಅದರ ಜಂಬ ಇದೆ.

ಮೂರು ವರ್ಷ ಇಬ್ಬರೂ ಜೈಲಲ್ಲಿದ್ದರು. ದೋಣಿ ಮಾತ್ರ ನಿಲ್ಲಲಿಲ್ಲ. ಊರವರು ರಾತ್ರೋರಾತ್ರಿ ಅಡಿಮರವನ್ನು ಮ್ಯಾಂಗ್ರೋವ್ ಕಾಡಿಗೆ ಸಾಗಿಸಿ, ಅಲ್ಲೇ ದೋಣಿ ಕಟ್ಟಿ ಮುಗಿಸಿದರು. ಅದು ಡಚ್ಚರ ಕಣ್ಣಿಗೆ ಮಣ್ಣೆರಚಿ ನಾಲ್ಕು ಸಲ ಜಾವಾಕ್ಕೆ ಹೋಗಿಬಂತು. ಡಚ್ಚರು ಗಂಟುಮೂಟೆ ಕಟ್ಟಿದ ವರ್ಷ ಗಂಡ ಬಂದ, ಮೂಳೆಚಕ್ಕಳವಾಗಿ. ಮೊದಲು ತಲೆಯೆತ್ತಿ ನಾನು ತೊಲೆಗೆ ಕಟ್ಟಿದ್ದ ತುಂಡು ನೋಡಿದ, ಆಮೇಲೆ ನನ್ನನ್ನು. ಮಪ್ಪ ಅದೇ ದೋಣಿಯ ಚುಕ್ಕಾಣಿ ಹಿಡಿದ.

ಮೇಷ್ಟ್ರು ಪೆನ್ನು ಹಿಡಿದೇ ಕೂತಿದ್ದ. "ಅಂದ್ರೆ ಗುಂಡು ಹಾರಲೇ ಇಲ್ವಾ ಅಜ್ಜಿ?"

"ಇಲ್ಲಪ್ಪ. ಬಂದೂಕು ನೆಲಕ್ಕೆ ಬಿತ್ತು, ಮರ ಬೀಳಲಿಲ್ಲ. ಹಾಗೇ ಬರಕೊ."