ಯಾರಿಗೂ ಬೇಡವಾದ ಹುಣಸೆ ದಿಮ್ಮಿಗಳು

ಬೀರಮ್ಮ ಮಲಗಿದ್ದಲ್ಲೇ ಮರಗಳು ಬೀಳುವುದನ್ನು ಕೇಳಿಸಿಕೊಂಡಳು. ಗುಡಿಸಲಿನ ತಟ್ಟಿಯಾಚೆ, ಪಟೇಲ ರಾಮಲಿಂಗಯ್ಯನವರ ಬೀಳು ಹೊಲದಲ್ಲಿ ಬೆಳಗಿನಿಂದ ಕೊಡಲಿ ಸದ್ದು. ಜಾಲಿ ಬಿದ್ದರೆ ಯಾರೋ ಚಾಪೆ ಕೊಡವಿದಂತೆ. ಬೇವು ಬಿದ್ದರೆ ನೆಲ ಒಮ್ಮೆ ಉಸಿರು ಬಿಟ್ಟಂತೆ. ಜ್ವರ ಏರಿದಾಗ ಆ ಮರಗಳೆಲ್ಲ ಮತ್ತೆ ಎದ್ದು ನಿಂತು ಅವಳ ಗುಡಿಸಲೊಳಗೆ ಬಗ್ಗಿ ನೋಡುತ್ತಿದ್ದವು. ಜ್ವರ ಇಳಿದಾಗ ಸದ್ದಿಲ್ಲದೆ ಹೋಗಿ ಮಲಗುತ್ತಿದ್ದವು.

ಕಟ್ಟೆಯ ನೀರು ನಾಲೆ ಹಿಡಿದು ಮಂಡ್ಯ ದಾಟಿ ಮದ್ದೂರು ಸೀಮೆಗೆ ಬಂದು ಇನ್ನೂ ಕೆಲವೇ ವರ್ಷ. ನೀರು ಬಂದ ಕಡೆಯೆಲ್ಲ ಕಬ್ಬು, ಕಬ್ಬು ಬಂದ ಕಡೆಯೆಲ್ಲ ಮರಕ್ಕೆ ಕೊಡಲಿ. ನೀರು ಎಲ್ಲರ ಕಣ್ಣ ಮುಂದೆಯೂ ಹರಿಯಿತು, ಎಲ್ಲರ ಹೊಲಕ್ಕೆ ಹರಿಯಲಿಲ್ಲ. ಊರು ಮುಟ್ಟಿಸಿಕೊಳ್ಳದ ಈ ಕೇರಿಗೆ ನಾಲೆ ಕೊಟ್ಟದ್ದು ಒಂದೇ ಒಂದು: ಕೇರಿಗೂ ಅದರ ಹೂಳುವ ದಿಣ್ಣೆಗೂ ನಡುವೆ ಒಂದು ಅಡ್ಡಗೆರೆ. ದಾಟುವುದಕ್ಕೆ ಕಲ್ಲಿನ ಸೇತುವೆ ಇತ್ತು. ಅದು ಇದ್ದದ್ದು ಊರೊಳಗೆ. ಅದರ ಮೇಲೆ ಕೇರಿಯ ಹೆಣ ಹೋಗಕೂಡದೆಂದು ಪಟೇಲರ ಅಪ್ಪಣೆ.

ಹೋದ ಸುಗ್ಗಿಯಲ್ಲಿ ಬೀರಮ್ಮನ ಮೈದುನ ತೀರಿಕೊಂಡಾಗ ಅವನನ್ನು ನಾಲೆಯಲ್ಲೇ ದಾಟಿಸಿದರು. ಹೊತ್ತವರಿಗೆ ಕುತ್ತಿಗೆಯುದ್ದ ನೀರು. ಮೊದಲು ಚೆಂಡುಹೂವು ತೇಲಿ ಹೋದವು. ಆಮೇಲೆ ಚಟ್ಟವೇ ಹೆಗಲಿನಿಂದ ಹಗುರಾಗಿ ಎದ್ದು, ಬೇರೆ ಯಾವುದೋ ಊರಿಗೆ ಹೊರಟವರ ಹಾಗೆ ತೂಬಿನ ಕಡೆ ತಿರುಗಿತು. ಹೆಂಗಸರು ಅಳುವುದನ್ನೂ ಮರೆತು ದಂಡೆಯುದ್ದಕ್ಕೂ ಓಡಿದರು. ಅಂದಿನಿಂದ ಬೀರಮ್ಮ ಕಣ್ಣು ಮುಚ್ಚಿದರೆ ಸಾಕು, ಅದೇ ನೀರು, ಅದೇ ಹೂವು. ಚಟ್ಟದ ಮೇಲೆ ಮಾತ್ರ ಮೈದುನನಲ್ಲ, ಅವಳೇ. ಸಾಯುವುದಕ್ಕೆ ಅವಳು ಹೆದರಿರಲಿಲ್ಲ. ಗಂಡನ ಪಕ್ಕದ ಮಣ್ಣು ಸಿಗದೆ ತೇಲಿ ಹೋಗುವುದಕ್ಕೆ ಹೆದರಿದ್ದಳು.

ಮದ್ದೂರಿನಿಂದ ಮರ ಕೊಯ್ಯುವ ಜಹಾಂಗೀರ್ ಬಂದು ದಿಮ್ಮಿಗಳನ್ನೆಲ್ಲ ಬೆರಳಿನಿಂದ ತಟ್ಟಿ ನೋಡಿದ. ಅವನ ಮಾತು ತಟ್ಟಿ ದಾಟಿ ಬೀರಮ್ಮನಿಗೂ ಕೇಳಿಸಿತು.

"ಬೇವು ಬಾಗಿಲಿಗಾಯ್ತು, ಜಾಲಿ ಗಾಡಿಗಾಯ್ತು, ಹೊಂಗೆ ನಿಮ್ಮ ಆಲೆಮನೆ ಒಲೆಗಾಯ್ತು. ಈ ಎರಡು ಹುಣಸೆ ಮಾತ್ರ ನಂಗೆ ಬ್ಯಾಡ ಪಟೇಲ್ರೆ. ಒಳಗೆ ಪೊಟ್ರೆ ಬಿದ್ದವೆ, ಗಾಣಕ್ಕೂ ಆಗಕಿಲ್ಲ. ಗರಗಸ ಇಟ್ರೆ ಗರಗಸದ ಹಲ್ಲು ಉದುರ್ತವೆ. ನನ್ನವು ಆಗ್ಲೇ ಉದುರವೆ."

"ಹಂಗಾರೆ ಸುಟ್ಟಾಕ್ರಲಾ," ಎಂದರು ಪಟೇಲರು.

ಹಸಿ ಹುಣಸೆ ಸುಡಲಿಲ್ಲ. ದಿನಗಟ್ಟಲೆ ಹೊಗೆಯಾಡಿತು. ಹುಳಿಹುಳಿ ಹೊಗೆ ಕೇರಿಯ ಗುಡಿಸಲುಗಳ ಹುಲ್ಲಿನಲ್ಲಿ ಇಳಿದು ಕೂತಿತು. ಅದರೊಳಗೆ ಬೀರಮ್ಮನಿಗೆ ಅವಳ ಎಳೆಯ ವಯಸ್ಸು ಕಾಣುತ್ತಿತ್ತು: ಕೊಂಬೆ ಜಗ್ಗಿ ಚಿಗುರು ಕೀಳುವ ಗಂಡ, ಮಡಿಲು ಹಿಡಿದು ನಿಂತ ಅವಳು. ತೊಗಟೆ ಕಪ್ಪಾಯಿತೇ ಹೊರತು ಮರ ಬೇಯಲಿಲ್ಲ. ಪಟೇಲರು ಬೇಸತ್ತು, "ಯಾರ್ಗಾರ ಬೇಕಾದ್ರೆ ಎಳ್ಕೊಂಡೋಗ್ರಲಾ, ನೇಗಿಲು ಕಟ್ಟಬೇಕು" ಎಂದುಬಿಟ್ಟರು.

ಬೀರಮ್ಮನ ಮಗ ಚಿಕ್ಕಮಾದಯ್ಯ ಆ ಮಾತು ನೆಲಕ್ಕೆ ಬೀಳಗೊಡಲಿಲ್ಲ. ಇಡೀ ಕೇರಿ ಹಗ್ಗ, ಹಾರೆ, ಸನ್ನೆಗೋಲು ತಂದಿತು. ಹೊತ್ತು ಇಳಿಯುವ ವೇಳೆಗೆ ಎರಡೂ ದಿಮ್ಮಿ ನಾಲೆಯ ಮೇಲೆ ಪಕ್ಕಪಕ್ಕದಲ್ಲಿ ಮಲಗಿದ್ದವು. ನಡುವೆ ಸೊಪ್ಪು ತುಂಬಿ ಮಣ್ಣು ಮೆತ್ತಿದರು.

"ಅಲ್ಲಾಡ್ತದಾ?" ಎಂದು ಬೀರಮ್ಮ ಸೊಸೆಯನ್ನು ಕೇಳಿದಳು.

"ಇಲ್ಲ ಕಣತ್ತೆ," ಎಂದಳು ಚಲುವಮ್ಮ. "ಎಮ್ಮೆ ದಾಟುಸ್ದೊ. ಎಮ್ಮೆಗಿಂತ ನೀವೇನು ಬಾರವಾ?"

ಬೀರಮ್ಮ ಆವತ್ತು ನೀರಿಲ್ಲದ ನಿದ್ದೆ ಮಾಡಿದಳು.

ಮಾರನೆಯ ಬೆಳಗ್ಗೆ ನೀರುಗಂಟಿ ಚಿಕ್ಕಬೋರಯ್ಯ ಬಂದು ಕೇರಿಯ ಹೊರಗೇ ನಿಂತ. ನಾಲೆಯ ನೀರನ್ನು ಹೊಲಗಳಿಗೆ ತಿರುಗಿಸುವುದು ಅವನ ಕೆಲಸ. ಪಟೇಲರ ಮಾತನ್ನು ಕೇರಿಗೆ ತಿರುಗಿಸುವುದೂ ಅವನದೇ.

"ಪಟೇಲ್ರು ಕೊಟ್ಟಿದ್ದು ಸೌದೆಗಂತೆ, ಸೇತ್ವೆಗಲ್ವಂತೆ. ಅವರ ಕಬ್ಬಿನ ಬದೀಲಿ ನೀವು ಓಡಾಡಕೂಡದಂತೆ. ಮದ್ಯಾನಕ್ಕೆ ಎತ್ತು ಕಟ್ಟಿ ಎಳುಸ್ತರೆ."

"ಅಲ್ಲಣ್ಣೋ, ಗರಗಸಕ್ಕೆ ಬ್ಯಾಡ, ಒಲೆಗೆ ಬ್ಯಾಡ," ಎಂದ ಚಿಕ್ಕಮಾದಯ್ಯ. "ನಮ್ಮ ಕಾಲಡೀಕೆ ಬಂದೇಟ್ಗೆ ಚಿನ್ನ ಆಗೋಯ್ತಾ?"

"ಅದ್ನ ಅವರ್ನೇ ಕೇಳಪ್ಪ. ನಾನು ನೀರು ಬುಡೋನು, ನ್ಯಾಯ ಬುಡೋನಲ್ಲ."

ಅವನು ಹೋದ ಮೇಲೆ ಕೇರಿಯವರು ಹಗ್ಗ, ಹಾರೆ ಒಳಗಿಟ್ಟರು. ಎದುರು ನಿಂತರೆ ನಾಳೆಯಿಂದ ಕೂಲಿಯಿಲ್ಲ. ಬೀರಮ್ಮ ಸೂರು ನೋಡುತ್ತಾ ಮಲಗಿದ್ದಳು. ಜ್ವರ ಇಳಿದಿತ್ತು. ತೊಳೆದಿಟ್ಟ ಮಡಕೆಯಂತಾದ ತಲೆಯೊಳಗೆ ಒಂದು ಹಳೆಯ ಕಟ್ಟಲೆ ಮೆಲ್ಲಗೆ ಬಂದು ನಿಂತಿತು. ಹೆಣ ಹೋದ ದಾರಿಯನ್ನು, ಸತ್ತವರ ತಿಥಿ ಮುಗಿಯುವವರೆಗೆ, ಅಗೆಯಬಾರದು, ಕೀಳಬಾರದು, ಮುಳ್ಳು ಬಡಿದು ಮುಚ್ಚಬಾರದು. ಮುಚ್ಚಿದವನ ಮನೆಗೇ ಮುಂದಿನ ಸಾವು. ಉಳಿದ ಯಾವುದರಲ್ಲೂ ಒಂದಾಗದ ಊರೂ ಕೇರಿಯೂ ಈ ಹೆದರಿಕೆಯಲ್ಲಿ ಮಾತ್ರ ಒಂದಾಗಿದ್ದವು.

"ಚಟ್ಟ ಕಟ್ಟು ಮಗ," ಎಂದಳು.

"ಯಾರ್ಗವ್ವ?"

"ನಂಗೆ."

ಚಲುವಮ್ಮ ಓಡಿಬಂದು ಹಣೆ ಮುಟ್ಟಿದಳು. "ಸುಮ್ಕೆ ಮನೀಕಳಿ ಅತ್ತೆ. ಜರ ತಲೆಗೇರ್ಯದೆ."

"ಜರ ಇಳ್ದದೆ ಕಣಮ್ಮಿ. ಅದ್ಕೇ ಏಳ್ತಾ ಇವ್ನಿ. ತಮಟೆಯೋರ್ನ ಕರೀರಿ, ಬೆಂಕಿಮಡಕೆ ಎತ್ಕೊಳ್ಳಿ. ಪುರಿ ಇದ್ದದಾ ನೋಡು."

ಅವಳ ಲೆಕ್ಕ ಮಗನಿಗೆ ಅರ್ಥವಾಯಿತು. ಅರ್ಥವಾದ್ದರಿಂದಲೇ ಅವನ ದನಿ ಕುಗ್ಗಿತು. "ಚಟ್ಟ ಏರ್ದೋರು ತಿರುಗ ಮನೆಗೆ ಬರಂಗಿಲ್ಲವ್ವ."

"ಗೊತ್ತು."

"ಜೀವ ಇರಾಗಂಟ ಆ ದಿಣ್ಣೇಲಿ ಒಬ್ಬಳೇ ಇದ್ದೀಯಾ?"

"ನಿಮ್ಮಪ್ಪ ಅಲ್ಲೇ ಅವ್ನಲ್ಲ. ಒಬ್ಬಳೇ ಎಂಗಾದೇನು?"

ಹಾಗೆ ಬೀರಮ್ಮ ಹೊರಟಳು. ಆಕಾಶ ಅವಳ ಮೇಲೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿತ್ತು. ತಮಟೆ ಎಲ್ಲೋ ಪಾದದ ಹತ್ತಿರ ಬಡಿದುಕೊಳ್ಳುತ್ತಿತ್ತು. ಎರಚಿದ ಪುರಿ ರೆಪ್ಪೆಯ ಮೇಲೆ, ತುಟಿಯ ಮೇಲೆ ಬಿತ್ತು. ಒಂದನ್ನು ನಾಲಗೆಯಿಂದ ಒಳಗೆಳೆದುಕೊಂಡಳು. ಮುದುಕಿಯರು ಮೊದಲು ಸುಳ್ಳಿಗೆ ಅಳಲು ಹೊರಟವರು ನಡುವೆ ನಿಜವಾಗಿಯೇ ಅಳತೊಡಗಿದರು. ಹೊತ್ತವರ ಹೆಜ್ಜೆ ಮಣ್ಣು ಬಿಟ್ಟು ಮರದ ಮೇಲೆ ಬಿದ್ದಾಗ ಸದ್ದು ಬದಲಾಯಿತು. ಪೊಟರೆಯೊಳಗಿನ ಗಾಳಿ ದುಮ್ಮು ದುಮ್ಮೆಂದು, ಯಾರೋ ಒಳಗಿನಿಂದ ಬಾಗಿಲು ತೆಗೆಯಲು ಬರುತ್ತಿದ್ದಂತೆ ಮೊಳಗಿತು. ಕೆಳಗೆ ನಾಲೆ ತನ್ನ ಪಾಡಿಗೆ ಹರಿಯಿತು. ಅದಕ್ಕೆ ಅವಳ ಸೆರಗಿನ ಒಂದು ಎಳೆಯೂ ಸಿಗಲಿಲ್ಲ.

ಪಟೇಲರು ಎತ್ತು, ಸರಪಳಿ, ಆಳುಗಳೊಂದಿಗೆ ಬರುವಷ್ಟರಲ್ಲಿ ಬೀರಮ್ಮ ಆಚೆ ದಿಣ್ಣೆಯ ಮೇಲೆ ಚಟ್ಟದಲ್ಲೇ ಎದ್ದು ಕೂತಿದ್ದಳು. ನೆಲದ ಮೇಲೆ ಬಿದ್ದ ಪುರಿ, ಹೂವು ಕಂಡು ಆಳುಗಳು ದಿಮ್ಮಿಯ ಈಚೆಗೇ ನಿಂತರು.

"ಯಾರ ಎಣಲಾ?" ಎಂದರು ಪಟೇಲರು.

"ನಮ್ಮವ್ವಂದು ಬುದ್ದಿ," ಎಂದ ಚಿಕ್ಕಮಾದಯ್ಯ.

"ಕುಂತವ್ಳಲ್ಲಲಾ ಅಲ್ಲಿ."

"ಚಟ್ಟ ಏರಿ ಬೆಂಕಿಮಡಕೆ ಹಿಂದೆ ಬಂದವ್ಳೆ ಬುದ್ದಿ. ಇನ್ನ ಮನೆಗೆ ಬರಕಿಲ್ಲ."

"ಬದುಕಿರೋಳು ಎಣ ಎಂಗಾದಾಳ್ಲಾ?"

ಬೀರಮ್ಮ ನೀರಿನಾಚೆಯಿಂದಲೇ ಉತ್ತರ ಕೊಟ್ಟಳು. "ನಿಮ್ಮ ಚಿಕ್ಕ ತಾತ ಎಂಗಾದ್ರು ಬುದ್ದಿ? ಚಟ್ಟದ ಮ್ಯಾಲೆ ಕಣ್ಣು ಬುಟ್ರು, ನೀರು ಕೇಳುದ್ರು. ನಿಮ್ಮಪ್ಪಾರು ಊರಿಗೆ ಸೇರುಸ್ದೆ ಮಾವಿನ ತೋಪಲ್ಲಿ ಗುಡ್ಲು ಆಕ್ಕೊಟ್ರು. ಆ ತೋಪು ಗುಡುಸ್ತಿದ್ದೋಳು ನಾನೇ. ಅವ್ರು ನಿಜವಾಗಿ ಓಗಿ ತಿಥಿ ಆಗಾಗಂಟ ತೋಪಿನ ದಾರೀನ ಯಾರೂ ಮುಟ್ನಿಲ್ಲ."

ಪಟೇಲರು ಆಳುಗಳ ಮುಖ ನೋಡಿದರು. ಆಳುಗಳು ಎತ್ತಿನ ಮುಖ ನೋಡಿದರು. ಸರಪಳಿ ಹಿಡಿದಿದ್ದವನು ಅದನ್ನು ಮೆತ್ತಗೆ ನೆಲಕ್ಕಿಟ್ಟು, "ನಮ್ಮನೇಲಿ ಎಂಗ್ಸು ಬಸ್ರಿ ಬುದ್ದಿ" ಎಂದ.

"ನೀನೇ ಕೀಳ್ಲಾ," ಎಂದು ಪಟೇಲರು ಚಿಕ್ಕಮಾದಯ್ಯನ ಕಡೆ ತಿರುಗಿದರು.

"ತಾಯಿ ದಾರೀನ ಮಗ ಕೀಳಂಗಿಲ್ವಲ್ಲ ಬುದ್ದಿ. ನೀವೇ ಮುಟ್ತೀನಿ ಅಂದ್ರೆ ಅಡ್ಡ ಬರಕಿಲ್ಲ."

ಪಟೇಲರು ದಿಮ್ಮಿಯ ಸುಟ್ಟ ತೊಗಟೆಯವರೆಗೆ ಕಾಲು ಚಾಚಿ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಎತ್ತುಗಳನ್ನು ತಿರುಗಿಸಲು ಹೇಳಿದರು. ಬೀರಮ್ಮ ಬದುಕಿದ್ದಷ್ಟು ಕಾಲವೂ ಊರು ಅವಳಿಗೆ ಒಂದು ಹೆಜ್ಜೆ ಜಾಗ ಬಿಟ್ಟಿರಲಿಲ್ಲ. ಹೆಣವೆಂದು ಒಪ್ಪಿದ ದಿನ ದಾರಿ ಬಿಟ್ಟಿತು.

ದಿಣ್ಣೆಯ ಮೇಲೆ ಕಬ್ಬಿನ ಸೋಗೆಯ ಒಂದು ಗುಡಿಸಲು ಎದ್ದಿತು. ಅದರೊಳಗೆ ಬೀರಮ್ಮನಿಗೆ ಹಗಲೂ ಕನಸಿನಂತೆಯೇ ಇತ್ತು. ಹೊಸ ಕಬ್ಬು ಏಳುವ ಸದ್ದು, ದಿಮ್ಮಿಯ ಮೇಲೆ ಜನ ದಾಟುವ ಸದ್ದು: ಸೌದೆ ಹೊತ್ತವರು, ಕೂಲಿಗೆ ಹೋಗುವವರು, ಎಮ್ಮೆ ಹೊಡೆದುಕೊಂಡು ಬರುವವರು. ಗಂಡ ಮಣ್ಣಿನ ಗುಡ್ಡೆಯಿಂದ ಎದ್ದು ಬಂದು ಪಕ್ಕ ಕೂರುತ್ತಿದ್ದ. "ಇಷ್ಟು ದೂರ ಬಂದಿದ್ದೀಯ, ಇನ್ನೇನು, ಬಾ" ಎನ್ನುತ್ತಿದ್ದ. ಹೋಗಿಬಿಡಬಹುದಿತ್ತು. ಮೈ ಅಷ್ಟು ಹಗುರಾಗಿತ್ತು. ಆದರೆ ಹೋದರೆ ತಿಥಿಯಾಗುತ್ತದೆ. ತಿಥಿಯಾದ ಮಾರನೆಯ ದಿನ ಎತ್ತು ಬರುತ್ತವೆ.

ಚಿಕ್ಕಬೋರಯ್ಯ ದಿನಾ ಬೆಳಗ್ಗೆ ಹೊಲದ ಮಡವೆಗೆ ನೀರು ತಿರುಗಿಸಲು ಬಂದವನು ಊರ ಕಡೆಯ ದಡದಿಂದಲೇ ಕೂಗುತ್ತಿದ್ದ. "ಬೀರವ್ವ, ಇದ್ದೀಯೇನವ್ವ?"

"ಇವ್ನಿ ಅಂತ ಯೋಳ್ಲಾ ಪಟೇಲ್ರಿಗೆ."

ಒಂದು ಮಧ್ಯಾಹ್ನ ಚಲುವಮ್ಮ ದಿಮ್ಮಿ ದಾಟಿ ಊಟ ತಂದಳು. ಅತ್ತೆ ಎಂದಿನಂತೆ ಎರಡು ತುತ್ತಿಗೆ ತಟ್ಟೆ ತಳ್ಳುವಳೆಂದು ಕಾದು ಕೂತಳು. ಬೀರಮ್ಮ ಸೊಪ್ಪಿನ ಸಾರನ್ನು ಬೆರಳಿನಿಂದ ಬಳಿದು ನೆಕ್ಕಿದಳು.

"ನಾಳಿಂದ ಮುದ್ದೆ ವಸಿ ದೊಡ್ಡದಾಗಿ ಕಟ್ಟಮ್ಮಿ," ಎಂದಳು. "ನಾನೀಗ ಸಾಯಂಗಿಲ್ಲ."