ಎಂಟರ ಭೋಂಗಾ

ದೇವಕ್ಕನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಆಸ್ಪತ್ರೆಯಿಂದ ಬಿಡುವ ದಿನ ನರ್ಸ್ ಹಿನಾಕೌಸರ ಅದನ್ನು ಕೇಳಲೂ ಇಲ್ಲ.

"ಮುಂಜಾನಿ ಎಂಟಕ್ಕ, ರಾತ್ರಿ ಎಂಟಕ್ಕ. ಗುಳಿಗಿ ತಪ್ಪಿದ್ರ ಮೈ ಆ ಕಿಡ್ನಿ ಒಲ್ಲೆ ಅಂತೈತಿ. ತಿಳೀತಿಲ್ರಿ?"

ದೇವಕ್ಕ ತಲೆಯಾಡಿಸಿದಳು. ಆ ಕಿಡ್ನಿ ಅವಳದೇ. ಈಗ ಗಂಡ ಅಂದಾನೆಪ್ಪನ ಹೊಟ್ಟೆಯಲ್ಲಿತ್ತು. ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಮಂಜಾಗಿದ್ದವು. ಗೋಡೆಯ ಗಡಿಯಾರ ಅವನಿಗೂ ಕಾಣುತ್ತಿರಲಿಲ್ಲ.

ಅವರ ಊರು ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ವಾರವಾಗಿತ್ತು. ಪಾಳಿ ಬದಲಾದಾಗಲೆಲ್ಲ ಭೋಂಗಾ, ಕಾರ್ಖಾನೆಯ ಸೈರನ್, ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಬಿಸಿಲೇರಿದ ಮೇಲಿನದೊಂದು, ದೀಪ ಹಚ್ಚಿದ ಮೇಲಿನದೊಂದು, ಎಂಟರ ಈ ಎರಡನ್ನು ಅವಳು ಹಿಡಿದುಕೊಂಡಳು. ಕೂಗು ನಿಲ್ಲುವ ಮೊದಲೇ ಗುಳಿಗೆ ಅಂದಾನೆಪ್ಪನ ಗಂಟಲಿಳಿದಿರುತ್ತಿತ್ತು.

"ಕಾರ್ಖಾನಿ ನಿನ್ನ ಸಲುವಾಗೇ ಕೂಗತೈತೇನ?" ಎಂದು ಅವನು ಕಾಡುತ್ತಿದ್ದ.

"ನನ್ನ ಸಲುವಾಗಿ ಯಾಕ? ನಿಮ್ಮ ಸಲುವಾಗಿ. ಬಾಯಿ ತಗೀರಿ."

ಏಪ್ರಿಲ್‌ನ ಒಂದು ಸಂಜೆ ದೀಪ ಹಚ್ಚಿ, ಗುಳಿಗೆ ಹಿಡಿದು ಹೊಸ್ತಿಲಲ್ಲಿ ಕುಳಿತಳು. ಭೋಂಗಾ ಆಗಲಿಲ್ಲ. ಕುಳಿತಲ್ಲೇ ಕಣ್ಣು ಹತ್ತಿತು. ಎಚ್ಚರವಾದಾಗ ಬೆಳಗಾಗಿತ್ತು. ಗುಳಿಗೆ ಬೆವರಿಗೆ ಮೆತ್ತಗಾಗಿ ಅಂಗೈಗೆ ಅಂಟಿತ್ತು.

ಪಕ್ಕದ ಮನೆಯ ಲಕ್ಕಪ್ಪ ಲಾರಿ ತೊಳೆಯುತ್ತಿದ್ದ.

"ನಿನ್ನೆ ಭೋಂಗಾ ಯಾಕ ಆಗಲಿಲ್ಲೋ?"

"ಕಬ್ಬ ಮುಗೀತಲ್ಲಬೇ ಚಿಗವ್ವ. ಇನ್ನೇನಿದ್ರೂ ದೀಪಾವಳಿ ಕಳದ ಮ್ಯಾಲೆ."

ಅವಳು ಒಳಗೋಡಿ ಗಂಡನನ್ನು ಎಬ್ಬಿಸಿ, ಗುಳಿಗೆಪಟ್ಟಿಗಳ ಚೀಲ ಹಿಡಿದು ಬಂದಳು. "ಲಾರಿ ತಗಿಯೋ. ಬೆಳಗಾಂವಿಗೆ ಹೋಗೂಣು."

ದಾರಿಯಲ್ಲಿ ಲಕ್ಕಪ್ಪ ಎಂಟಾಯಿತೆಂದ ಮೇಲೆ ಮುಂಜಾನೆಯ ಗುಳಿಗೆ ಕೊಟ್ಟಳು.

ಆಸ್ಪತ್ರೆಯಲ್ಲಿ ಅಂದಾನೆಪ್ಪನ ರಕ್ತ ತೆಗೆದರು. ದೇವಕ್ಕ ಚೀಲ ಸುರುವಿದಳು. ಖಾಲಿ ಗುಳಿಗೆಪಟ್ಟಿಗಳು, ಹುಣ್ಣಿಮೆಗೊಂದು ಕಟ್ಟು. ಆಮೇಲೆ ಎಲ್ಲ ಹೇಳಿದಳು.

ಹಿನಾಕೌಸರ ಪೆನ್ನು ಕೆಳಗಿಟ್ಟಳು. "ಬರೇ ಭೋಂಗಾ ಕೇಳಿ? ಗಡಿಯಾರ ತಿಳ್ಯಾಂಗಿಲ್ಲಂತ ಅವತ್ತ ಯಾಕ ಹೇಳಲಿಲ್ರಿ?"

"ಅಷ್ಟ ಮಂದ್ಯಾಗ ತಿಳೀತಿಲ್ಲೋ ಅಂತ ಕೇಳಿದ್ರಿ. ನಾಚಿಕಿ ಬಂತ್ರಿ."

"ಮತ್ತ ಹೊಲಕ್ಕ, ಸಂತಿಗಿ ಹೋದಾಗ?"

"ಇಲ್ಲಿಗೆ ಬರೂದು ಬಿಟ್ರ ಎಲ್ಲೂ ಹೋಗಿಲ್ರಿ ಸಿಸ್ಟರ. ಭೋಂಗಾ ಕೇಳದ ಕಡಿ ಹ್ಯಾಂಗ ಹೋಗ್ಲಿ?"

ಮಧ್ಯಾಹ್ನ ವರದಿ ಬಂತು. ಕಿಡ್ನಿ ಕೆಲಸ ಮಾಡುತ್ತಿತ್ತು. ಹಿನಾಕೌಸರ ಕಟ್ಟುಗಳನ್ನು ಬಿಚ್ಚಿ ಎಣಿಸಿದಳು. ನಂಬಿಕೆಯಾಗದೆ ಮತ್ತೆ ಮೊದಲಿನಿಂದ ಎಣಿಸಿದಳು.

ಮುನ್ನೂರ ಎರಡು ಹೊತ್ತು. ತಪ್ಪಿದ್ದು ಒಂದು.