ಸಿಲಾಸನ ಹರಿದ ದನಿ

ನಾನು ಒಂದು ವಾಲ್ವ್ ರೇಡಿಯೋ. ನನ್ನನ್ನು ಜೋಡಿಸಿದ್ದು ಕಲ್ಕತ್ತೆಯ ಒಂದು ಕಾರ್ಖಾನೆಯಲ್ಲಿ. ತೇಗದ ಮೈ, ಹೊಟ್ಟೆಯಲ್ಲಿ ಬಲ್ಬಿನ ಹಾಗೆ ಉರಿಯುವ ಐದು ಗಾಜಿನ ವಾಲ್ವು, ಎದೆಗೆ ಬಟ್ಟೆಯ ಪರದೆ. ಪರದೆಯ ಹಿಂದೆ ಲಾಳಿಕೆಯ ಹಾಗೆ ಬಾಗಿಸಿದ ಕಪ್ಪು ಕಾಗದದ ಸ್ಪೀಕರು. ಆ ಕಾಗದ ನಡುಗಿದರೆ ನನಗೆ ಮಾತು. ಇದಿಷ್ಟು ನೆನಪಿರಲಿ, ನನ್ನ ಬದುಕಿನಲ್ಲಿ ಆದದ್ದೆಲ್ಲ ಆ ಕಾಗದಕ್ಕೇ ಆದದ್ದು.

ಮೊದಲು ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಇಂಜಿನ್ ಡ್ರೈವರರ ಮನೆಯಲ್ಲಿದ್ದೆ. ಅವರು ಸಂಸಾರ ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಹೊರಟಾಗ, ಹಡಗಿಗೆ ಭಾರವಾದದ್ದನ್ನೆಲ್ಲ ಪರಿಚಯದವರಿಗೆ ಹಂಚಿದರು. ನಾನೂ ಒಂದು ಗಿಟಾರೂ ಸಿಲಾಸ್ ಬೆಟಗೇರಿಯ ಪಾಲಿಗೆ ಬಂದೆವು. ಸಿಲಾಸ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರು. ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ಸುಗುಣಾ ಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಮೇಜು ಯಂತ್ರಕ್ಕೆ ಬೇಕಾಗಿದ್ದರಿಂದ ನನ್ನನ್ನು ನೆಲದ ಮೇಲೆ ಇಟ್ಟರು. ಹಾಗಾಗಿ ನಾನು ಮನುಷ್ಯರನ್ನು ಅರಿತದ್ದು ಮುಖದಿಂದಲ್ಲ, ಪಾದಗಳಿಂದ.

ಶಾರ್ಟ್‌ವೇವಿನಲ್ಲಿ ದೂರದ ದೇಶದ ಹೊಸ ಸಂಗೀತ ಬರುತ್ತಿತ್ತು. ಹಳಿಯ ಮೇಲೆ ಗಾಡಿ ಓಡಿದಂಥ ತಾಳ, ಅದರ ಮೇಲೆ ಗಿಟಾರು. ರಾಕ್ ಅಂಡ್ ರೋಲ್ ಎಂಬ ಹೆಸರನ್ನು ಆ ಮನೆಗೆ ತಂದದ್ದು ನಾನೇ. ಸಿಲಾಸ ಬೂಟು ಕೂಡ ಕಳಚದೆ ನನ್ನ ಮುಂದೆ ಮಂಡಿಯೂರುತ್ತಿದ್ದ.

"ಇಡೀ ದಿನಾ ಕಾರ್ಖಾನ್ಯಾಗ ಬಡದದ್ದ ಸಾಲಂಗಿಲ್ಲೇನ್ರಿ? ಮನ್ಯಾಗೂ ಬಡಿಯೂದ ಬೇಕ?" ಎನ್ನುತ್ತಿದ್ದಳು ಸುಗುಣಾ. ಬಾಯಿ ಬೈಯುತ್ತಿದ್ದರೂ ಯಂತ್ರದ ಮೇಲಿದ್ದ ಅವಳ ಪಾದ ಆ ತಾಳಕ್ಕೇ ತುಳಿಯುತ್ತಿತ್ತು. ಅದು ನನಗೊಬ್ಬನಿಗೇ ಕಾಣುತ್ತಿತ್ತು.

ಸಿಲಾಸ ಒಂದು ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿ ಗಿಟಾರಿನ ತಂತಿಗಳ ಕೆಳಗೆ ಕೂರಿಸಿದ. ಅಲ್ಲಿಂದ ಒಂದು ವೈರು ಎಳೆದು ನನ್ನ ಹೊಟ್ಟೆಗೆ ಸೇರಿಸಿದ. ಗಿಟಾರು ಮೀಟಿದರೆ ನಾನು ಹಾಡಬೇಕು. ಆ ವರ್ಷದ ಕ್ರಿಸ್‌ಮಸ್ಸಿಗೆ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ನೌಕರರ ಡಾನ್ಸು. ಸಿಲಾಸ ನನ್ನನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ, ಅಭ್ಯಾಸಬಲದಿಂದ ಹತ್ಯಾರದ ಚೀಲವನ್ನೂ ನನ್ನ ಎದೆಗೇ ಒತ್ತಿ ಬಿಗಿದ. ಹಳಿ ದಾಟುವಾಗ ಸೈಕಲ್ಲು ಕುಲುಕಿತು. ಸ್ಕ್ರೂಡ್ರೈವರು ಪರದೆ ತೂರಿ ನನ್ನ ಕಾಗದವನ್ನು ಸೀಳಿತು.

ವೇದಿಕೆಯ ಮೇಲೆ ಅವನು ಮೊದಲ ಪೆಟ್ಟು ಹಾಕಿದಾಗ ನನ್ನಿಂದ ಹೊರಟದ್ದು ಗಿಟಾರಿನ ದನಿಯಲ್ಲ. ಗಂಟಲು ಒಡೆದು ಗುರುಗುಟ್ಟುವ ಏನೋ ಒಂದು.

"ಏ ಸಿಲಾಸಾ, ನಿನ್ನ ಡಬ್ಬಿ ಕೆಟ್ಟೈತೋ!" ಎಂದು ಯಾರೋ ಕೂಗಿದರು.

"ಕೆಟ್ಟಿಲ್ಲೋ, ಈಗರೆ ಬಾಯಿ ಬಿಟ್ಟೈತಿ!" ಎಂದು ಸಿಲಾಸ ಇನ್ನೂ ಜೋರಾಗಿ ಬಾರಿಸಿದ. ಸ್ವಲ್ಪ ಹೊತ್ತಿನಲ್ಲಿ ಹಲಗೆಯ ನೆಲವೆಲ್ಲ ಕಾಲುಗಳ ಹೊಡೆತಕ್ಕೆ ಅದುರತೊಡಗಿತು.

ಆಮೇಲೆ ಧಾರವಾಡದಿಂದ, ಬೆಳಗಾವಿಯಿಂದ ಬಾರಿಸುವವರು ಬಂದು ಕೇಳಿ ಹೋದರು. ಊರಿಗೆ ಮರಳಿ ತಮ್ಮ ಒಳ್ಳೆಯ ಸ್ಪೀಕರುಗಳಿಗೆ ಬ್ಲೇಡು ಹಾಕಿಕೊಂಡರಂತೆ. ಸಿಲಾಸನ ಹೆಸರು ಮಾತ್ರ ಯಾರೂ ಹೇಳಲಿಲ್ಲ. ಒಮ್ಮೆ ಮುಂಬಯಿಯ ಸ್ಟುಡಿಯೋ ಒಂದರಿಂದ ಕರೆ ಬಂತು. ಅಲ್ಲಿಯ ಇಂಜಿನಿಯರು ನನ್ನ ಪರದೆ ಸರಿಸಿ ನೋಡಿ, ಈ ಹರಕು ಬೇಡ, ಹೊಸ ಸ್ಪೀಕರು ಕೊಡುತ್ತೇವೆ ಎಂದ. ಸಿಲಾಸ ಒಪ್ಪಲಿಲ್ಲ. ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಗಾಡಿಗೇ ವಾಪಸು ಬಂದ. ಹಾಗಾಗಿ ಅವನ ರೆಕಾರ್ಡು ಒಂದೂ ಇಲ್ಲ.

ಮಗಳು ಲಿಡಿಯಾ ಹುಟ್ಟಿದಳು. ಪಾಳಿಗಳು ಹೆಚ್ಚಾದವು. ಬೂಟುಗಳು ಮನೆಗೆ ಬರುವಾಗ ನೆಲಕ್ಕೆ ಉಜ್ಜುತ್ತ ಬರುತ್ತಿದ್ದವು. ಭಾನುವಾರ ಚರ್ಚಿನಿಂದ ಬಂದ ಮೇಲೆ ಅರ್ಧ ತಾಸು ಬಾರಿಸಿ, ಗಿಟಾರನ್ನು ಮಗಳ ಕೈಗೆ ಕೊಟ್ಟು ಸಿಲಾಸ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ದೊಡ್ಡ ಕಲಾವಿದನೊಬ್ಬ ಹೀಗೆ ಬಾಯಿ ತೆರೆದು ಗೊರಕೆ ಹೊಡೆಯುವುದನ್ನು ನೋಡಿ ನನಗೆ ಬೇಸರವಾಗುತ್ತಿರಲಿಲ್ಲ. ನನಗೂ ದಣಿವೆಂದರೆ ಏನೆಂದು ಗೊತ್ತಿತ್ತು.

ಅವನು ತೀರಿಹೋದ ಮೇಲೆ ಹನ್ನೊಂದು ವರ್ಷ ನಾನು ಮಾತಾಡಲಿಲ್ಲ. ವಾಲ್ವುಗಳು ಒಂದೊಂದಾಗಿ ಆರಿದವು. ಲಿಡಿಯಾ ಆಸ್ಪತ್ರೆಯಲ್ಲಿ ನರ್ಸಾದಳು, ಎರಡು ಮಕ್ಕಳ ತಾಯಿಯಾದಳು. ಅವಳ ಪಾದಗಳೂ ಅಪ್ಪನ ಬೂಟುಗಳ ಹಾಗೆಯೇ ಎಳೆದುಕೊಂಡು ಬರುತ್ತವೆ. ಸುಗುಣಾಳ ಪಾದಗಳು ಊದಿ, ಮಂಚದಿಂದ ಸುಮ್ಮನೆ ಇಳಿಬಿದ್ದಿರುತ್ತವೆ.

ಹೋದ ತಿಂಗಳು ಇನ್‌ಸ್ಟಿಟ್ಯೂಟಿನವರು ಸಿಲಾಸನ ನೆನಪಿಗೆ ಒಂದು ಸಂಜೆ ಇಟ್ಟುಕೊಂಡರು. ಅಪ್ಪನ ಪೆಟ್ಟಿಗೆಯಲ್ಲೇ ಬಾರಿಸುತ್ತೇನೆ ಎಂದು ಲಿಡಿಯಾ ಒಪ್ಪಿದಳು. ಅದು ಊರಿಗಾಗಿ ಅಲ್ಲ. ಒಂದು ದಿನ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಸುಗುಣಾ ಅಂದಿದ್ದಳು: "ಅವರ ಮಾತೆಲ್ಲಾ ನೆನಪದಾವು. ಆ ಗಿಟಾರಿನ ದನೀನ ಮರತಂಗ ಆಗೇತಿ ನೋಡವಾ." ಲಿಡಿಯಾಳಿಗೆ ಅದು ಚುಚ್ಚಿತ್ತು.

ದುರ್ಗದಬೈಲಿನ ಮುನೀರಸಾಬರು ವಾಲ್ವು ರೇಡಿಯೋ ಬಲ್ಲ ಹಳಬರು. ಮೂರು ವಾರ ನನ್ನನ್ನು ಇಟ್ಟುಕೊಂಡು ಮಗುವಿನ ಹಾಗೆ ನೋಡಿಕೊಂಡರು. ಆರಿದ ವಾಲ್ವುಗಳ ಜಾಗಕ್ಕೆ ಹುಡುಕಿ ಬೇರೆ ಹಾಕಿದರು. ಪ್ರೀತಿಯಿಂದಲೇ ಸೀಳಿಗೆ ತೆಳ್ಳನೆಯ ಕಾಗದ ಇಟ್ಟು ಅಂಟಿಸಿದರು. ಬೇಡ ಎನ್ನಲು ನನ್ನ ಹತ್ತಿರ ಬೇರೆ ಬಾಯಿ ಇರಲಿಲ್ಲ.

ಕಾರ್ಯಕ್ರಮದ ದಿನ ಮಧ್ಯಾಹ್ನ ಅವರೇ ನನ್ನನ್ನು ಆಟೋದಲ್ಲಿ ಮನೆಗೆ ತಂದರು. ಲಿಡಿಯಾ ಗಿಟಾರು ಜೋಡಿಸಿ ಮೀಟಿದಳು. ನನ್ನಿಂದ ತೊಳೆದಿಟ್ಟ ಗಾಜಿನಂಥ ದನಿ ಬಂತು. ಮುನೀರಸಾಬರ ಚಪ್ಪಲಿಗಳು ಹೆಮ್ಮೆಯಿಂದ ಒಂದು ಹೆಜ್ಜೆ ಮುಂದೆ ಬಂದವು. ಸುಗುಣಾಳ ಪಾದ ಅಲ್ಲಾಡಲಿಲ್ಲ.

"ಚಲೋ ಐತಿ," ಅಂದಳು ಸುಗುಣಾ. "ರೇಡಿಯೋ ಐತಿ. ನಿಮ್ಮಪ್ಪ ಇಲ್ಲ."

"ಯಾಕವ್ವಾ, ಎಲ್ಲಾ ಅಪ್ಪನವ ಅದಾವಲ್ಲ?"

"ಹರಕಷ್ಟ ಇತ್ತು, ಅಂಟಿಸೀನಿ," ಎಂದರು ಮುನೀರಸಾಬರು.

ಸುಗುಣಾ ನಕ್ಕುಬಿಟ್ಟಳು. "ಅಯ್ಯ ಸಾಬರ, ಅದನ್ನ ಹರದವರ ಅವರು! ಆ ಹರಕಿನ್ಯಾಗ ಇತ್ತರೀ ಎಲ್ಲಾ."

ಲಿಡಿಯಾ ನನ್ನ ಪರದೆ ಸರಿಸಿ ಅಂಟಿನ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಚಾಚಾ, ಮತ್ತ ಹರೀತೀರೇನು?"

"ನನ್ನ ಕಡೆ ಆಗೂದಿಲ್ಲ ತಂಗಿ. ಐವತ್ತ ವರ್ಷ ಕೂಡ್ಸೀನಿ. ಹರಿಯಾಕ ಕೈ ಏಳಂಗಿಲ್ಲ."

ಲಿಡಿಯಾ ಅಪ್ಪನ ಚೀಲದಿಂದ ಸ್ಕ್ರೂಡ್ರೈವರು ತಂದಳು. ದಿನವೂ ಸೂಜಿ ಚುಚ್ಚುವ ಆ ಕೈ ಅದರ ಮೊನೆಯನ್ನು ನನ್ನ ಕಾಗದಕ್ಕೆ ಒತ್ತಿತು. ಅಂಟಿದ ಜಾಗ ಗಟ್ಟಿಯಾಗಿತ್ತು, ಅದರ ಪಕ್ಕದಲ್ಲಿ ಸೀಳು ಬಿತ್ತು. ನೋವಾಯಿತೇ ಎಂದರೆ, ಈ ವಯಸ್ಸಿನಲ್ಲಿ ಹೊಸದಾಗಿ ನೋಯಲು ಏನೂ ಉಳಿದಿಲ್ಲ.

ಅವಳು ಮೀಟಿದಳು. ನಾನು ಗುರುಗುಟ್ಟಿದೆ. ಆದರೆ ಸಿಲಾಸನಿಗಿಂತ ಸಣ್ಣಗೆ, ಒಣಗಿದ ಗಂಟಲಿನಿಂದ.

"ಅವರದಲ್ಲ ಬಿಡು," ಅಂದಳು ಸುಗುಣಾ. "ಇದು ನಿಂದು."

ಲಿಡಿಯಾ ನಿಲ್ಲಿಸಲು ಹೋದಳು. "ಏ, ನಿಲ್ಲಸ್ಬ್ಯಾಡ. ಬಾರಸ ನೀ," ಎಂದು ತಾಯಿ ಗದರಿದಳು.

ಸಂಜೆ ಇನ್‌ಸ್ಟಿಟ್ಯೂಟಿನಲ್ಲೂ ಹಾಡಿದೆ. ಈಗ ಮತ್ತೆ ಮಂಚದ ಪಕ್ಕದ ನನ್ನ ಮೂಲೆಯಲ್ಲಿದ್ದೇನೆ. ಎರಡು ವಾಲ್ವು ಆಗಲೇ ಮಿಣುಕತೊಡಗಿವೆ, ಇನ್ನೆಷ್ಟು ದಿನವೋ ತಿಳಿಯದು. ಸಿಲಾಸನ ದನಿ ಅವನ ಜೊತೆಗೇ ಹೋಯಿತು, ಅದನ್ನು ನಾನೂ ಉಳಿಸಲಾರದೆ ಹೋದೆ. ಆದರೆ ಅವತ್ತು ಮಧ್ಯಾಹ್ನ ಲಿಡಿಯಾ ಬಾರಿಸುತ್ತಿದ್ದಷ್ಟು ಹೊತ್ತೂ, ಮಂಚದಿಂದ ಇಳಿಬಿದ್ದ ಆ ಊದಿದ ಪಾದ ಇಲ್ಲದ ಹೊಲಿಗೆ ಯಂತ್ರವನ್ನು ತುಳಿಯುತ್ತಿತ್ತು. ನೋಡಿದ್ದು ನಾನೊಬ್ಬನೇ.